ಒಂದೇ ಡಿವಿಡಿಯಲ್ಲಿ ದಿವ್ಯಳ ಮದುವೆ

ಅಂಗಡಿಯ ಬೋರ್ಡಿನ ಮೇಲೆ ಶಿವರಾಮನ ಹೆಸರು ಆಳೆತ್ತರದ ಅಕ್ಷರಗಳಲ್ಲಿತ್ತು. ಆದರೆ ಮೆಟ್ಟಿಲು ಹತ್ತಿ ಬಂದ ಗಿರಾಕಿಗಳು ಮುಂದಿನ ಟೇಬಲ್ಲಿನಲ್ಲಿ ಕೂತಿದ್ದ ಅವನನ್ನು ದಾಟಿ ಹೋಗಿ, ಒಳರೂಮಿನ ಗಾಜಿಗೆ ಹಣೆ ಒತ್ತಿ, ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮೌನೇಶ ಇಲ್ವಾ?"

ಶ್ರೀನಗರದ ಬಸ್‌ಸ್ಟಾಪಿನ ಹಿಂದಿನ ಬೀದಿಯಲ್ಲಿ, ಮೂರಂತಸ್ತಿನ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಶಿವರಾಮನ ವಿಡಿಯೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಗೃಹಪ್ರವೇಶಗಳ ಟೇಪುಗಳನ್ನು ಕತ್ತರಿಸಿ, ಹಾಡು ಜೋಡಿಸಿ, ಡಿವಿಡಿ ಮಾಡಿ ಕೊಡುವ ಕೆಲಸ. ಮನೆಮನೆಗೆ ಡಿವಿಡಿ ಪ್ಲೇಯರ್ ಬಂದ ಹೊಸತು. ಮೌನೇಶ ಕೊಪ್ಪಳದ ಕಡೆಯಿಂದ ಬಂದು, ಬಿಟಿಎಂ ಲೇಔಟಿನ ಒಂದು ರೂಮಿನಲ್ಲಿ ಊರಿನ ಹುಡುಗರ ಜೊತೆ ಬಾಡಿಗೆಗಿದ್ದವನು. ಶಿವರಾಮನೇ ಅವನಿಗೆ ಮೌಸ್ ಹಿಡಿಯುವುದನ್ನು ಕಲಿಸಿದ್ದ. ಆಮೇಲೆ ಕಲಿಸಲು ಏನೂ ಉಳಿಯಲಿಲ್ಲ. ಹುಡುಗನೇ ಎಲ್ಲವನ್ನೂ ತಾನಾಗಿ ಕಲಿತುಬಿಟ್ಟಿದ್ದ.

ಖಾಲಿ ಡಿವಿಡಿಯ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ ಅದು 4.37 ಎಂದು ತೋರಿಸುತ್ತದೆ. ಇಡೀ ಮದುವೆ ಅದರೊಳಗೆ ಹಿಡಿಸಬೇಕು. ಒಂದು ಗಂಟೆಯ ಮದುವೆಯಾದರೆ ಚಿತ್ರ ಕನ್ನಡಿಯಂತಿರುತ್ತದೆ. ಎರಡು ಗಂಟೆ ತುಂಬಿದರೆ ಪರವಾಗಿಲ್ಲ. ಮೂರು ಗಂಟೆ ತುರುಕಿದರೆ ಮದುಮಗಳ ಮುಖ ಚೌಕಚೌಕವಾಗಿ ಒಡೆದು, ರೇಷ್ಮೆ ಸೀರೆ ಗೋಣಿಚೀಲದಂತೆ ಕಾಣುತ್ತದೆ. ಎಲ್ಲಿ ಎಷ್ಟು ಕತ್ತರಿಸಬೇಕು, ಉಳಿದಿದ್ದರಲ್ಲಿ ಯಾವ ದೃಶ್ಯಕ್ಕೆ ಡಿಸ್ಕಿನ ಎಷ್ಟು ಜಾಗ ಕೊಡಬೇಕು ಎನ್ನುವುದರಲ್ಲೇ ಇಡೀ ಕಸುಬು ಅಡಗಿತ್ತು. ಮೌನೇಶ ಮಾಡಿದ ಡಿವಿಡಿ ನೋಡಿದವರು, ಏನೂ ಬಿಟ್ಟುಹೋಗಿಲ್ಲ ಎನ್ನುತ್ತಿದ್ದರು. ನಿಜವಾಗಿ ಅರ್ಧಕ್ಕರ್ಧ ಬಿಟ್ಟುಹೋಗಿರುತ್ತಿತ್ತು.

ಇಷ್ಟನ್ನು ಶಿವರಾಮ ಹೇಗೋ ಸಹಿಸಿಕೊಂಡಿದ್ದ. ಅವನನ್ನು ಕೆಣಕಿದ್ದು ಸ್ವಂತ ಚಿಕ್ಕಪ್ಪ ರಾಮಯ್ಯ. ಗೊಟ್ಟಿಗೆರೆಯಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದು, ಈಗ ಅದೇ ನೆಲದ ಮೇಲೆ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ್ದ ರಾಮಯ್ಯ, ಮಗಳ ಲಗ್ನಪತ್ರಿಕೆ ಹಿಡಿದು ಸ್ಟುಡಿಯೋಗೆ ಬಂದಿದ್ದ.

"ಲೋ ಶಿವ್ರಾಮ, ದಿವ್ಯನ್ ಮದ್ವೆ ವಿಡಿಯೋ ನಿನ್ ಅಂಗ್ಡೀದೇ. ಆದ್ರೆ ಕೂತ್ಕೊಂಡ್ ಮಾಡೋನು ಆ ಹುಡ್ಗ ಮೌನೇಶನೇ ಆಗ್ಬೇಕು. ನೀನ್ ಕೈ ಹಾಕ್ಬೇಡ."

"ಯಾಕ್ ಚಿಕ್ಕಪ್ಪ, ನಾನೇನ್ ಕಮ್ಮಿ?"

"ನಿಮ್ಮಕ್ಕನ್ ಮದ್ವೇದು ಮಾಡ್ದಲ್ಲಪ್ಪ, ಎರಡೆರಡ್ ಡಿಸ್ಕು. ಮೊದಲ್ನೇದ್ರಲ್ಲಿ ತಾಳಿ ಇಲ್ಲ, ಎರಡ್ನೇದು ಓಡಲ್ಲ. ನಿಮ್ಮಕ್ಕಂಗೆ ಮದ್ವೆ ಆಗಿದೆ ಅನ್ನೋಕೆ ಈಗ ಮಕ್ಳೇ ಸಾಕ್ಷಿ!" ರಾಮಯ್ಯ ಟೇಬಲ್ ಕುಟ್ಟಿ ನಕ್ಕ. "ಬೀಗರು ಹೇಳ್ಬಿಟ್ಟವ್ರೆ, ಒಂದೇ ಡಿವಿಡೀಲಿ ಎಲ್ಲಾ ಬರ್ಬೇಕು ಅಂತ."

ಗಾಜಿನಾಚೆ ಮೌನೇಶನ ತುಟಿಯೂ ಸಣ್ಣಗೆ ಅರಳಿದ್ದನ್ನು ಶಿವರಾಮ ನೋಡಿದ.

ಅದೇ ವಾರ ಮೌನೇಶ ಒಂದು ಪೇಡಾ ಡಬ್ಬಿ ತಂದು ಅವನ ಮುಂದಿಟ್ಟ. "ಅಣ್ಣಾರ, ಹನುಮಂತನಗರದಾಗ ಒಂದ್ ಸಣ್ಣ ಅಂಗಡಿ ಹಿಡದೀನ್ರಿ. ದೀಪಾ ನೀವ ಹಚ್ಚಬೇಕು. ನಿಮ್ಮ ಕೈಯಾಗ ಕಲ್ತಾಂವ ನಾ."

"ಸಖತ್ ಮಗಾ!" ಎಂದು ಶಿವರಾಮ ಎದ್ದು ಅವನನ್ನು ತಬ್ಬಿಕೊಂಡ. ಹುಡುಗನ ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಕ್ಕವು. ಇವನಿಗೆ ತೂಕವೇ ಇಲ್ಲ ಎಂದು ಶಿವರಾಮನಿಗೆ ಅನ್ನಿಸಿತು. ಅದೊಂದು ಬರಿಯ ಅನ್ನಿಸಿಕೆ. ಆದರೆ ಅದು ಹೋಗಲಿಲ್ಲ. ಪೇಡಾ ತಿಂದಾದ ಮೇಲೂ ಅಂಗೈಯಲ್ಲಿ ಆ ಹಗುರ ಹಾಗೇ ಕೂತಿತ್ತು.

ಕಟ್ಟಡದ ತಾರಸಿಗೆ ಮೂರು ಕಡೆ ಎದೆಯೆತ್ತರದ ಗೋಡೆ. ನಾಲ್ಕನೆಯ ಕಡೆ ಮಾತ್ರ ಮೊಣಕಾಲೆತ್ತರ ಕಟ್ಟಿ ನಿಲ್ಲಿಸಿದ್ದರು. ಮಾಲೀಕ ಇನ್ನೊಂದು ಅಂತಸ್ತು ಎಬ್ಬಿಸುವ ಆಸೆಯಲ್ಲಿ ಕಂಬದ ಕಬ್ಬಿಣಗಳನ್ನು ಆಕಾಶಕ್ಕೆ ಚಾಚಿ ಬಿಟ್ಟಿದ್ದ. ಆ ಕಡೆ ಕೆಳಗೆ ಇರುವುದು ಪಕ್ಕದ ಕಟ್ಟಡಕ್ಕೂ ಇದಕ್ಕೂ ನಡುವಿನ ಬಿಸಿಲು ಬೀಳದ ಓಣಿ. ಅಲ್ಲಿ ಒಡೆದ ಟೈಲ್ಸು ಮತ್ತು ಕೊಳಾಯಿ ತುಂಡುಗಳು ಬಿದ್ದಿದ್ದವು. ಎದುರಿನ ಗೋಡೆಗೆ ಒಂದು ಕಿಟಕಿಯೂ ಇಲ್ಲ. ಭಾನುವಾರ ಕೆಳಗಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಮೌನೇಶ ಮಾತ್ರ ಭಾನುವಾರವೂ ಬರುತ್ತಾನೆ. ದಿವ್ಯಳ ಮದುವೆಯೂ ಭಾನುವಾರವೇ, ಹತ್ತೂವರೆ ಮೇಲಿನ ಮುಹೂರ್ತ, ಬನಶಂಕರಿಯ ಛತ್ರದಲ್ಲಿ. ರಸ್ತೆ ಖಾಲಿಯಿದ್ದರೆ ಅಲ್ಲಿಂದ ಶ್ರೀನಗರ ಎಷ್ಟು ದೂರ?

ಶಿವರಾಮನಿಗೆ ಖುಷಿ ಕೊಟ್ಟದ್ದು ಕೊಲೆಯಲ್ಲ. ತಳ್ಳುವುದು ಯಾರಿಗಾದರೂ ಬರುತ್ತದೆ. ಖುಷಿ ಕೊಟ್ಟದ್ದು ಅದರ ಮುಂದಿನ ಯೋಚನೆ. ಪೊಲೀಸರು ಅಕಸ್ಮಾತ್ ಕೇಳಿದರೆ ತಾನೆಲ್ಲಿದ್ದೆ ಎನ್ನುವುದಕ್ಕೆ ಅವನು ಮನುಷ್ಯರ ಸಾಕ್ಷಿ ಹುಡುಕಬೇಕಾಗಿರಲಿಲ್ಲ. ಇಷ್ಟು ವರ್ಷ ಮದುವೆಗಳನ್ನು ಕತ್ತರಿಸಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಮದುವೆಗೆ ಹೋದವರಿಗೆ ಮದುವೆ ನೆನಪಿರುವುದಿಲ್ಲ. ಚಪ್ಪಲಿ ಎಲ್ಲಿ ಬಿಟ್ಟೆ, ಸೀರೆ ಯಾರದು ಚೆನ್ನಾಗಿತ್ತು, ಪಾಯಸಕ್ಕೆ ಏಲಕ್ಕಿ ಸಾಲದು ಎನ್ನುವಷ್ಟೇ ನೆನಪು. ಉಳಿದಿದ್ದನ್ನು ಡಿವಿಡಿ ಹೇಳಿಕೊಡುತ್ತದೆ. ಟಿವಿಯಲ್ಲಿ ಕಂಡದ್ದೇ ತಾವು ಕಣ್ಣಾರೆ ಕಂಡದ್ದು ಎಂದು ಎಲ್ಲರೂ ನಂಬುತ್ತಾರೆ. ಮುಹೂರ್ತಕ್ಕೆ ಮುಂಚಿನ ಹೊತ್ತಿನಲ್ಲಿ ಡಿವಿಡಿಯ ತುಂಬ ಶಿವರಾಮ ಓಡಾಡುತ್ತಿದ್ದರೆ, ಇಡೀ ಗೊಟ್ಟಿಗೆರೆ ಅವನನ್ನು ಅಲ್ಲಿ ಕಂಡಿದ್ದಾಗಿ ಆಣೆ ಮಾಡುತ್ತದೆ.

ಹಾಗಾದರೆ ಓಡಾಟವನ್ನು ಮುಹೂರ್ತದ ನಂತರ ಚಿತ್ರೀಕರಿಸಿಕೊಂಡು, ಮುಂಚೆಗೆ ತಂದು ಅಂಟಿಸಬೇಕು. ಯಾಕೆ ಹಿಂದುಮುಂದು ಮಾಡಿದೆ, ಯಾಕೆ ಇಷ್ಟು ಕತ್ತರಿಸಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಬೀಗರೇ ಕೊಟ್ಟಿದ್ದರು: ಒಂದೇ ಡಿವಿಡಿ. ಜಾಗ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಛತ್ರದಲ್ಲಿ ಗಂಡಿನ ಕಡೆಯವರ ತಿಂಡಿ ಶುರುವಾದಾಗ ಶಿವರಾಮ ತನ್ನ ಮೊಬೈಲನ್ನು ರಾಮಯ್ಯನ ಕೈಗೆ ತುರುಕಿದ. "ಚಿಕ್ಕಪ್ಪ, ಹೂವಿನೋನು ಫೋನ್ ಮಾಡ್ತಾನೆ, ನೀವೇ ಮಾತಾಡಿ." ತನ್ನ ಬೈಕನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಗೇಟಿನ ಪಕ್ಕದಲ್ಲೇ ಬಿಟ್ಟ. ಹಿಂಬಾಗಿಲ ಬಳಿ ಅಡುಗೆ ಭಟ್ಟರ ಮೊಪೆಡ್ ಬೀಗದ ಕೈ ಸಮೇತ ನಿಂತಿತ್ತು. ಅದು ದಿನವಿಡೀ ಮೊಸರಿಗೆ, ಬಾಳೆಲೆಗೆ ಎಂದು ಯಾರ್ಯಾರೋ ತೆಗೆದುಕೊಂಡು ಹೋಗುವ ಗಾಡಿ. ಪಂಚೆಯ ಮೇಲೊಂದು ಹಳೆಯ ಜರ್ಕಿನ್ ಹಾಕಿಕೊಂಡು ಹೊರಟ.

ಮೌನೇಶ ಇಸ್ತ್ರಿ ಮಾಡಿದ ನೀಲಿ ಶರ್ಟಿನಲ್ಲಿದ್ದ. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಉಡುಗೊರೆ ಇತ್ತು.

"ಅಯ್ಯ ಅಣ್ಣಾರ, ನೀವ ಕರಿಯಾಕ ಬಂದ್ರ್ಯಾ? ನಾ ಬರಾಂವ ಇದ್ನೆಲ್ರೀ!"

"ನೀನಿಲ್ದೆ ಮದ್ವೆ ಆಗುತ್ತೇನೋ? ಬಾ, ಒಂದ್ ನಿಮಿಷ. ಮೇಲೆ ಕೇಬಲ್ ವೈರ್ ಜೋತಾಡ್ತಿದೆ, ಮಾಲೀಕ ಬೈತಿದಾನೆ. ಹಿಡ್ಕೋ, ಕಟ್ಬಿಟ್ ಹೋಗಣ."

ಹುಡುಗ ಮುಂದೆ ಮುಂದೆ ಮೆಟ್ಟಿಲು ಹತ್ತಿದ. ಹೊಸ ಅಂಗಡಿಗೆ ಯಾವ ಬಣ್ಣ ಬಳಿಸಿದರೆ ಚೆಂದ ಎಂದು ಕೇಳುತ್ತಲೇ ಇದ್ದ. ಮೊಣಕಾಲೆತ್ತರದ ಗೋಡೆಯ ಬಳಿ ಬಗ್ಗಿ, "ಎಲ್ಲೈತ್ರೀ ವೈರು?" ಎಂದ. ಶಿವರಾಮ ಬಣ್ಣದ ಪ್ರಶ್ನೆಗೆ ಉತ್ತರ ಕೊಟ್ಟ. "ತಿಳಿ ಹಸಿರು ಹೊಡ್ಸು" ಎಂದ. ನಿಜಕ್ಕೂ ಅದು ಒಳ್ಳೆಯ ಸಲಹೆಯೇ ಆಗಿತ್ತು. ಆಮೇಲೆ ಎರಡೂ ಅಂಗೈಗಳನ್ನು ಆ ಮೂಳೆಗಳ ಮೇಲಿಟ್ಟ. ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಕೂಗಲೂ ಸಮಯ ಸಿಗಲಿಲ್ಲ. ಕೆಳಗೆ ಟೈಲ್ಸಿನ ಸದ್ದು ಬಂತು. ಬೀದಿಯಲ್ಲಿ ಸೊಪ್ಪಿನವಳ ಕೂಗು ನಡುವೆ ನಿಲ್ಲದೆ ಮುಂದೆ ಹೋಯಿತು.

ಇಳಿಯುವಾಗ ಸ್ಟುಡಿಯೋದ ಫ್ಯಾನ್ ತಿರುಗುತ್ತಿರುವುದು ಕಾಣಿಸಿತು. ಆರಿಸಲಿಲ್ಲ. ಅದು ಹುಡುಗನ ಬೆರಳಿನ ಗುರುತಿನ ಸ್ವಿಚ್ಚು. ಉಡುಗೊರೆಯನ್ನೂ ಮುಟ್ಟಲಿಲ್ಲ.

ವಾಲಗದವರು ಗಟ್ಟಿಮೇಳಕ್ಕೆ ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಶಿವರಾಮ ಛತ್ರದ ನಲ್ಲಿಯಲ್ಲಿ ಮುಖ ತೊಳೆದು, ತಲೆಗೆ ನೀರು ಹಚ್ಚಿ ಬಾಚಿ, ಜನರನ್ನು ಸೀಳಿಕೊಂಡು ಮಂಟಪದ ಮುಂದಿನ ಸಾಲಿಗೆ ಬಂದು ನಿಂತಿದ್ದ. ಬೇಕೆಂದೇ ನಾಲ್ಕು ಜನರ ಕಾಲು ತುಳಿದ. "ಅಯ್ಯೋ, ನೋಡ್ಕೊಂಡ್ ನಿಲ್ಲೋ ಶಿವ್ರಾಮ!" ಎಂದು ಅಜ್ಜಿ ಸೊಣ್ಣಮ್ಮ ಬೆನ್ನಿಗೆ ಗುದ್ದಿದಳು. ಬೈದವರು ಮರೆಯುವುದಿಲ್ಲ. ಅವನಿಗೆ ಬೇಕಿದ್ದದ್ದು ಅದೇ.

ತಾಳಿ ಕಟ್ಟಿ ಮುಗಿದ ಕೂಡಲೇ ಅವನು ಕ್ಯಾಮೆರಾ ಹಿಡಿದಿದ್ದ ನಿಂಗರಾಜನ ತೋಳು ಹಿಡಿದ. "ಗುರು, ಸ್ಟೇಜ್ ಮೇಲೆ ಆಮೇಲೆ ಬರೋಣ. ಗೇಟ್ ಹತ್ರ ಬರೋರನ್ನ ಒಂದಷ್ಟು ತಗೊಂಬಿಡು, ಮದ್ವೆ ಮನೆ ಕಳೆ ಬರ್ಬೇಕಲ್ಲ."

ಇಲ್ಲಿ ಅವನು ತನ್ನ ಬುದ್ಧಿಗೆ ತಾನೇ ಬೆರಗಾದ. ಬಿಸಿಲಿನ ನೆರಳು ಹೊತ್ತನ್ನು ಹೇಳಿಬಿಡುತ್ತದೆ. ಅದಕ್ಕೆ ಚಪ್ಪರದ ಬಟ್ಟೆಯ ಕೆಳಗೇ ನಿಂತ. ಬಾಗಿಲ ರಂಗೋಲಿಯನ್ನು ಜನ ತುಳಿದು ಅಳಿಸಿದ್ದರು. ಅದಕ್ಕೆ ಸೊಂಟದಿಂದ ಮೇಲಕ್ಕೆ ಮಾತ್ರ ಹಿಡಿ ಎಂದ. ಹಾಲ್‌ನ ಗೋಡೆ ಗಡಿಯಾರಕ್ಕೆ ಬೆನ್ನು ಕೊಡದೆ, ಬಾಳೆಕಂಬಕ್ಕೆ ಬೆನ್ನು ಕೊಟ್ಟ. ಪನ್ನೀರು ದಾನಿ ಹಿಡಿದು ಬಂದವರ ಮೇಲೆಲ್ಲ ಚಿಮುಕಿಸಿದ, ಕೈಮುಗಿದ, "ಬನ್ನಿ ಬನ್ನಿ, ತಿಂಡಿ ಆಗ್ಲಿ ಮೊದ್ಲು" ಎಂದ. ಧ್ವನಿಯನ್ನು ಹೇಗೂ ತೆಗೆದು ಹಾಡು ಹಾಕುತ್ತಾನೆ, ಆದರೂ ತುಟಿ ಹಾಗೆಯೇ ಆಡಲಿ ಎಂದು. ಎಲ್ಲಕ್ಕಿಂತ ಸೊಗಸಾದದ್ದು ಆ ಅತಿಥಿಗಳೇ. ಅವರೆಲ್ಲ ಮುಹೂರ್ತ ತಪ್ಪಿಸಿಕೊಂಡು ನೇರ ಊಟಕ್ಕೆ ಬಂದವರು. ಡಿವಿಡಿ ಅವರನ್ನು ಮುಹೂರ್ತಕ್ಕೆ ಮುಂಚೆಯೇ ಬಂದವರೆಂದು ತೋರಿಸಿದರೆ, ಇಲ್ಲ ಸಾರ್ ನಾವು ಲೇಟಾಗಿ ಬಂದಿದ್ದು ಎಂದು ಯಾವ ನೆಂಟ ಎದ್ದು ಹೇಳುತ್ತಾನೆ?

ಮಧ್ಯಾಹ್ನ ಕಟ್ಟಡದ ವಾಚ್‌ಮ್ಯಾನ್ ಹೆಂಡತಿ ಓಣಿಯಲ್ಲಿ ಮೌನೇಶನನ್ನು ನೋಡಿ ಕಿರುಚಿದಳು. ಬೆಳಿಗ್ಗೆ ಗಂಡಿನ ಕಡೆಯವರು ತಿಂಡಿಗೆ ಕೂತ ಹೊತ್ತಿನಲ್ಲಿ ಅವಳೇ ಮೌನೇಶ ಸ್ಟುಡಿಯೋದ ಮೆಟ್ಟಿಲು ಹತ್ತುವುದನ್ನು ನೋಡಿ ಮಾತಾಡಿಸಿದ್ದಳು. ಸತ್ತದ್ದು ಅದಾದ ಮೇಲೆ, ಮಧ್ಯಾಹ್ನಕ್ಕೆ ಮೊದಲು. ಸುದ್ದಿ ಬಂದಾಗ ಶಿವರಾಮ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುತ್ತಿದ್ದ. ಬುಟ್ಟಿಯನ್ನು ಕೆಳಗೆ ಬಿಟ್ಟು ಕೂತ. ಅದು ಸ್ವಲ್ಪ ಜಾಸ್ತಿಯಾಯಿತೇನೋ ಎಂದು ಆಮೇಲೆ ಅನ್ನಿಸಿತು.

ಊರಿನಲ್ಲಿದ್ದ ಮೌನೇಶನ ತಾಯಿ ರೇಣುಕವ್ವನನ್ನು ಪಕ್ಕದ ಮನೆಯ ಫೋನಿಗೆ ಕರೆಸಿ ಹೇಳಿದ್ದೂ ಅವನೇ. ಮುದುಕಿ, "ಉಂಡಿದ್ನೇನ್ರೀ ನನ್ನ ಮಗ?" ಎಂದಳು.

"ಉಂಡಿದ್ದ ಅಮ್ಮ" ಎಂದ ಶಿವರಾಮ. ಸುಳ್ಳು ಸಲೀಸಾಗಿ ಬಂತು. ಒಳ್ಳೆಯ ಸುಳ್ಳು, ಯಾರಿಗೂ ನಷ್ಟವಿಲ್ಲ ಅಂದುಕೊಂಡ.

ಸಬ್ ಇನ್ಸ್‌ಪೆಕ್ಟರ್ ಪರಮಶಿವಯ್ಯ ತಾರಸಿ ನೋಡಿ, ಮೊಣಕಾಲೆತ್ತರದ ಗೋಡೆ ನೋಡಿ, ಮಾಲೀಕನಿಗೆ ನಾಲ್ಕು ಬೈದು, ಕಾಲು ಜಾರಿ ಬಿದ್ದಿದ್ದು ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದ. ಅಡ್ಡ ಬಂದವನು ಮೌನೇಶನ ಅಣ್ಣ ದ್ಯಾಮಣ್ಣ. ರಾತ್ರಿ ಬಸ್ಸಿಗೆ ಬಂದಿಳಿದವನು ಸ್ಟೇಷನ್ನಿನ ಬೆಂಚು ಬಿಟ್ಟು ಏಳಲಿಲ್ಲ.

"ನನ್ ತಮ್ಮ ಅಲ್ಲಿಗ್ಯಾಕ್ ಹೋದಾ ಅಂತ ಕೇಳ್ರೀ ಸಾಹೇಬ್ರ. ಮದವಿಗೆ ಹೊಂಟಾಂವ, ಇಸ್ತ್ರಿ ಅಂಗಿ ಹಾಕ್ಕೊಂಡು, ಒಬ್ಬನ ಮಾಳಗಿ ಮ್ಯಾಲ ಏನ್ ಮಾಡ್ತಾನ್ರೀ?"

ಪರಮಶಿವಯ್ಯನಿಗೆ ಸಾಕಾಗಿಹೋಯಿತು. ಒಂದು ಶಾಸ್ತ್ರಕ್ಕೆ ಎಲ್ಲರನ್ನೂ ಕರೆದು ಕೇಳಿದ. ಶಿವರಾಮನನ್ನೂ ಕೇಳಿದ. "ಮದ್ವೇಲಿದ್ದೆ ಸಾರ್, ಬೆಳಿಗ್ಗೆಯಿಂದ" ಎಂದ ಶಿವರಾಮ. "ಸರಿ ಬಿಡಿ" ಎಂದು ಪರಮಶಿವಯ್ಯ ಪೆನ್ನು ಮುಚ್ಚಿದ.

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅಷ್ಟು ಕಷ್ಟಪಟ್ಟು ಮಾಡಿದ ಕೆಲಸವನ್ನು ಯಾರೂ ನೋಡದಿದ್ದರೆ ಹೇಗೆ? ಶಿವರಾಮ ಹೇಳಿದ: "ವಿಡಿಯೋನೇ ಇದೆ ಸಾರ್. ರೆಡಿ ಆಗ್ತಿದೆ. ನೀವೂ ನೋಡಿ, ಅವರಣ್ಣಾನೂ ನೋಡ್ಲಿ. ಪಾಪ, ಮನಸ್ಸಿಗೆ ಸಮಾಧಾನ ಆಗ್ಲಿ."

ಹೊರಗೆ ಬಂದು ದ್ಯಾಮಣ್ಣನನ್ನು ದರ್ಶಿನಿಗೆ ಕರೆದುಕೊಂಡು ಹೋಗಿ ಊಟ ಕೊಡಿಸಿದ. ಮುದ್ದೆ ಮುರಿಯಲು ಬಾರದೆ ಒದ್ದಾಡುತ್ತಿದ್ದವನಿಗೆ ಚಪಾತಿ ತರಿಸಿದ. ದ್ಯಾಮಣ್ಣ ತಿನ್ನುತ್ತಾ ಅಳುತ್ತಾ, "ನಿಮ್ಮ ಮ್ಯಾಲೂ ಸಂಶೇ ಪಟ್ಟಿದ್ನಿರೀ ಅಣ್ಣಾರ, ತಪ್ಪಾತು" ಎಂದು ಕಾಲು ಮುಟ್ಟಲು ಬಗ್ಗಿದ. "ಛೆ ಛೆ, ಏಳಪ್ಪ" ಎಂದು ಶಿವರಾಮ ಅವನ ಬೆನ್ನು ಸವರಿದ. ಈ ಮನೆಯವರೆಲ್ಲರ ಬೆನ್ನೂ ಹೀಗೇ ಇರಬೇಕು ಅಂದುಕೊಂಡ.

ಎಡಿಟಿಂಗ್‌ಗೆ ಕೂತದ್ದು ಮೌನೇಶನ ಕುರ್ಚಿಯಲ್ಲೇ. ಚಿಕ್ಕಪ್ಪ ಈಗ ಬೇರೆ ದಾರಿಯಿಲ್ಲದೆ ಒಪ್ಪಿದ್ದ. ಮೂರು ಟೇಪು, ಮೂರು ಗಂಟೆ. ಟೇಪಿನೊಳಗೆ ದಿನ, ಹೊತ್ತು ಎಲ್ಲ ದಾಖಲಾಗಿರುತ್ತದೆ. ಆದರೆ ಡಿವಿಡಿಯಾಗುವಾಗ ಅದೆಲ್ಲ ಉದುರಿಹೋಗುತ್ತದೆ. ಟೇಪುಗಳನ್ನು ಸುಡುವ ಮೂರ್ಖ ಕೆಲಸವನ್ನು ಅವನು ಮಾಡಲಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡು, ಎಂದಿನ ಹಾಗೆ ನಿಂಗರಾಜನ ಕೈಗೆ ವಾಪಸು ಕೊಟ್ಟ. ನಿಂಗರಾಜ ಎಂದಿನ ಹಾಗೆ ಅವುಗಳ ಮೇಲೆಯೇ ಜೆ.ಪಿ. ನಗರದ ಒಂದು ನಾಮಕರಣ ಚಿತ್ರೀಕರಿಸಿಕೊಂಡು ಬಂದ. ದಿವ್ಯಳ ಮದುವೆಯ ನಿಜವಾದ ಬೆಳಗು ಯಾರದೋ ಮಗುವಿನ ಅಳುವಿನ ಕೆಳಗೆ ಅಳಿಸಿಹೋಯಿತು.

ಆಮೇಲೆ ಕತ್ತರಿ. ಗಂಡಿನ ಕಡೆಯವರ ಬರುವಿಕೆ ಅರ್ಧ ಹೋಯಿತು. ಸ್ಟೇಜಿನ ಮೇಲೆ ಸಾಲುಗಟ್ಟಿ ನಿಂತು ಕವರ್ ಕೊಟ್ಟವರ ಮೆರವಣಿಗೆ ಚಕಚಕನೆ ಓಡುವಂತಾಯಿತು. ಒಬ್ಬ ವಿಧವೆ ದೊಡ್ಡಮ್ಮ ಇಡೀ ಮದುವೆಯಲ್ಲಿ ಒಂದೇ ಒಂದು ಸಲ, ಕಂಬದ ಮರೆಯಿಂದ ನಗುತ್ತಾ, ಕ್ಯಾಮೆರಾಕ್ಕೆ ಸಿಕ್ಕಿದ್ದಳು. ಅವಳನ್ನೂ ತೆಗೆದ. ಜಾಗ ಬೇಕಿತ್ತು. ಗಂಡಿನ ಕಡೆಯವರ ತಿಂಡಿಗೂ ಧಾರೆಗೂ ನಡುವೆ ತನ್ನ ತುಣುಕುಗಳನ್ನು ಒಂದೊಂದಾಗಿ ನೆಟ್ಟ: ಪನ್ನೀರು ಚಿಮುಕಿಸುವ ಶಿವರಾಮ, ಕೈಮುಗಿಯುವ ಶಿವರಾಮ, ವಾಲಗದವರಿಗೆ ಎಲೆಯಡಿಕೆ ಕೊಡುವ ಶಿವರಾಮ. ಪ್ರತಿಯೊಂದನ್ನೂ ಮತ್ತೆ ಮತ್ತೆ ಓಡಿಸಿ, ಕಂಪ್ಯೂಟರಿನ ಮೂಲೆಯ ಪುಟ್ಟ ಚೌಕದಲ್ಲಿ ತನ್ನ ಬೆನ್ನ ಹಿಂದಿನದನ್ನೆಲ್ಲ ತಡಕಾಡಿದ. ಗಡಿಯಾರ ಇಲ್ಲ. ಊಟದ ಎಲೆ ಹಿಡಿದವರಿಲ್ಲ. ತಾಳಿ ಕಟ್ಟಿಸಿಕೊಂಡ ದಿವ್ಯ ಎಲ್ಲೂ ಸುಳಿದಿಲ್ಲ. ಶುದ್ಧವಾಗಿತ್ತು.

ಕೊನೆಯ ಕೆಲಸ, ಡಿಸ್ಕಿನ ಜಾಗ ಹಂಚುವುದು. ಎಲ್ಲಕ್ಕೂ ಸಮ ಪಾಲು ಕೊಟ್ಟರೆ ಗುಂಪಿನ ದೃಶ್ಯಗಳಲ್ಲಿ ಅವನ ಮುಖವೂ ಚೌಕಚೌಕವಾಗಿ ಒಡೆಯುತ್ತಿತ್ತು. ಇವನಾ, ಇನ್ಯಾರೋ ಎಂದು ನಾಳೆ ಯಾರಾದರೂ ಅನುಮಾನಿಸಬಾರದು. ಅದಕ್ಕೆ ಊಟದ ಪಂಕ್ತಿಗಳಿಂದ ಕಿತ್ತ, ಬೀಗರ ಕುಣಿತದಿಂದ ಕಿತ್ತ, ಧಾರೆಯಿಂದಲೂ ಒಂದಿಷ್ಟು ಕಿತ್ತ. ಕಿತ್ತಿದ್ದನ್ನೆಲ್ಲ ಗೇಟಿನ ಬಳಿಯ ಶಿವರಾಮನ ಮೇಲೆ ಸುರಿದ. ಒಟ್ಟು 4.36. ಡಿಸ್ಕು ಹಿಡಿಸಿತು. ಮೌನೇಶನಿಗೂ ಇಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ ಅಂದುಕೊಂಡು, ಅವನಿಗೆ ತೋರಿಸಲು ಆಗಲಿಲ್ಲವಲ್ಲ ಎಂದು ಒಂದು ಕ್ಷಣ ನಿಜವಾಗಿಯೂ ಬೇಸರಪಟ್ಟ. ಆಮೇಲೆ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದ.

ಮಗಳು ಅಳಿಯ ಮನೆಗೆ ಬಂದ ದಿನವೇ ಡಿವಿಡಿ ಹಾಕುವುದು ಎಂದು ರಾಮಯ್ಯ ನಿಶ್ಚಯಿಸಿದ್ದ. ಗೊಟ್ಟಿಗೆರೆಯ ಮನೆಯ ಹಾಲಿನಲ್ಲಿ ಹೊಸ ಇಪ್ಪತ್ತೊಂಬತ್ತು ಇಂಚಿನ ಟಿವಿ, ಜಮಖಾನದ ತುಂಬ ನೆಂಟರು, ಮುಂದೆ ಕಾಲು ಚಾಚಿ ಸೊಣ್ಣಮ್ಮ. ಶಿವರಾಮ ಪರಮಶಿವಯ್ಯನನ್ನು ಸೋಫಾದಲ್ಲಿ ಕೂರಿಸಿ ಕೈಗೆ ಕಾಫಿ ಕೊಡಿಸಿದ. ದ್ಯಾಮಣ್ಣ ಬಾಗಿಲ ಬಳಿ ನಿಂತೇ ಇದ್ದ.

"ಇನ್ಸ್‌ಪೆಕ್ಟ್ರು ಸಾಹೇಬ್ರೂ ಮದ್ವೆ ನೋಡೋಕ್ ಬಂದವ್ರೆ ಕಣ್ರೋ, ಯಾರಾದ್ರೂ ಕಳ್ತನ ಮಾಡಿದ್ರೆ ಈಗ್ಲೇ ಹೇಳ್ಬಿಡ್ರಿ!" ಎಂದು ರಾಮಯ್ಯ ಕೂಗಿದ. ಎಲ್ಲರೂ ನಕ್ಕರು.

ಹಾಡಿನೊಂದಿಗೆ ಗಣೇಶ ಬಂದ, ಛತ್ರ ಬಂತು, ಗಂಡಿನ ಕಡೆಯವರ ತಿಂಡಿ ಬಂತು. "ನೋಡು ನೋಡು, ಬೀಗರ್ದು ನಾಲ್ಕ್ನೇ ಇಡ್ಲಿ!" ಎಂದು ಯಾರೋ ಅಂದರು. ಮುಂದೆ ಗೇಟು. ಪರದೆಯ ತುಂಬ ಶಿವರಾಮ, ಕನ್ನಡಿಯಲ್ಲಿ ಕಂಡ ಹಾಗೆ.

"ಬೆಳಿಗ್ಗೆಯಿಂದ ಒಂದೇ ಸಮ ಓಡಾಡ್ದ ಪಾಪ, ಒಂದ್ ತೊಟ್ಟು ಕಾಫಿ ಕುಡೀಲಿಲ್ಲ" ಎಂದಳು ದಿವ್ಯಳ ತಾಯಿ.

"ನಾವ್ ಬಂದಾಗ ಇವ್ನೇ ಪನ್ನೀರ್ ಹಾಕಿದ್ದು" ಎಂದ ಮುಹೂರ್ತ ಮುಗಿದ ಮೇಲೆ ಬಂದಿದ್ದ ನೆಂಟನೊಬ್ಬ, ಎದೆಯುಬ್ಬಿಸಿ.

ಪರಮಶಿವಯ್ಯ ದ್ಯಾಮಣ್ಣನ ಕಡೆ ತಿರುಗಿ, ನೋಡಿದ್ಯಲ್ಲಪ್ಪ ಎನ್ನುವಂತೆ ತಲೆಯಾಡಿಸಿದ. ದ್ಯಾಮಣ್ಣ ಕಣ್ಣೊರೆಸಿಕೊಂಡು, ಹೌದೆಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದ. ಶಿವರಾಮನ ಎದೆಯಲ್ಲಿ ಬಿಸಿಬಿಸಿಯಾದ ಏನೋ ಒಂದು ಹರಡಿಕೊಂಡಿತು. ಪರದೆಯ ಮೇಲಿನ ಶಿವರಾಮ ಯಾರಿಗೋ ಕೈಮುಗಿಯಲು ತಲೆ ಬಗ್ಗಿಸಿದ.

ಅಜ್ಜಿ ಸೊಣ್ಣಮ್ಮ ಕಿಸಕ್ಕನೆ ನಕ್ಕಳು. "ಲೇ ಶಿವ್ರಾಮ, ದಿವ್ಯಂಗಿನ್ನೂ ತಾಳ್ಯೇ ಕಟ್ಟಿಲ್ಲ, ಆಗ್ಲೇ ನಿನ್ ತಲೆ ಮೇಲೆ ಅಷ್ಟೊಂದ್ ಅಕ್ಷತೆ ಯಾವಳೋ ಹಾಕಿದ್ದು? ಕದ್ದು ನೀನೂ ಒಂದ್ ಮದ್ವೆ ಆದ್ಯೇನೋ?" ಇಡೀ ಹಾಲ್ ನಗೆಯಲ್ಲಿ ಮುಳುಗಿತು. ಬಾಚಿದ ಒದ್ದೆ ಕೂದಲಿನ ತುಂಬ ಅಂಟಿಕೊಂಡ ಅರಿಶಿನದ ಅಕ್ಕಿಕಾಳುಗಳು ಇಪ್ಪತ್ತೊಂಬತ್ತು ಇಂಚಿನ ಗಾಜಿನ ಮೇಲೆ ಒಂದೊಂದಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಹೊಳೆಯುತ್ತಿದ್ದವು. ಪರಮಶಿವಯ್ಯ ಮಾತ್ರ ನಗಲಿಲ್ಲ. ಕಾಫಿ ಲೋಟವನ್ನು ನೆಲಕ್ಕಿಟ್ಟು, ರಾಮಯ್ಯನ ಕಡೆ ಕೈಚಾಚಿದ. "ಯಜಮಾನ್ರೇ, ಆ ರಿಮೋಟ್ ಒಂಚೂರ್ ಕೊಡಿ."